‘ಯಾಕೆ ಕ್ಯಾಥೋಲಿಕ್ ಆದ್ರಿ?’: ನೀವು ಕಳಿಸಿದ ಪ್ರಶ್ನೆಗಳಿಗೆ ನನ್ನ ಉತ್ತರ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)



ಕಳೆದ ಕಂತು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕೋದರ ಬಗ್ಗೆ ಇತ್ತು. ಮಾತಿನ ಮಧ್ಯೆ ಒಂದು ವಾಕ್ಯ ಹೇಳಿದ್ದೆ: ‘ಎರಡು ವರ್ಷದ ಹಿಂದೆ ನಾನು ಕ್ಯಾಥೋಲಿಕ್ ಆದೆ, ಹಾಗಾಗಿ ಚರ್ಚ್‌ಗೆ ನಡೆದು ಹೋಗೋ ದೂರದಲ್ಲಿ ಮನೆ ಬೇಕಿತ್ತು’ ಅಂತ. ಅಷ್ಟೇ. ಮುಕ್ಕಾಲು ಗಂಟೆ ಅಡ್ವಾನ್ಸ್, ಕರಾರು ಪತ್ರ, ನೀರಿನ ಸಮಸ್ಯೆ ಎಲ್ಲ ವಿವರಿಸಿದ್ದೀನಿ. ಅದರ ಬಗ್ಗೆ ಬಂದ ಮೆಸೇಜ್ ನಾಲ್ಕು. ಆ ಒಂದು ವಾಕ್ಯದ ಬಗ್ಗೆ ಬಂದಿದ್ದು ಎಣಿಸೋಕೆ ಆಗದಷ್ಟು. ಕೆಲವರು ಪ್ರೀತಿಯಿಂದ ಕೇಳಿದ್ದೀರಿ, ಕೆಲವರು ಬೈದಿದ್ದೀರಿ, ಒಂದಿಬ್ಬರು ನಿಜವಾಗಲೂ ಕಷ್ಟದಲ್ಲಿ ಇದ್ದು ಕೇಳಿದ್ದೀರಿ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಇವತ್ತು ಒಟ್ಟಿಗೆ ಹೇಳ್ತೀನಿ.

ಮೊದಲೇ ಹೇಳಿಬಿಡ್ತೀನಿ. ನಾನು ಧರ್ಮಶಾಸ್ತ್ರ ಓದಿದವಳಲ್ಲ. ಬಿ.ಕಾಂ. ಮಾಡಿದ್ದೀನಿ, ಹೊಟ್ಟೆಪಾಡಿಗೆ ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡ್ಕೋತೀನಿ, ಉಳಿದ ಹೊತ್ತಲ್ಲಿ ಈ ಮೈಕ್ ಮುಂದೆ ಕೂರ್ತೀನಿ. ಯಾರನ್ನೂ ಎಲ್ಲಿಗೂ ಕರೆಯೋಕೆ ಈ ಕಂತು ಮಾಡ್ತಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

‘ಅಕ್ಕಾ, ಹುಡುಗ ಯಾರು?’

ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಹುಡುಗ ಯಾರೂ ಇಲ್ಲ. ನಮ್ಮಲ್ಲಿ ಒಬ್ಬ ಹೆಣ್ಣುಮಗಳು ಧರ್ಮದ ವಿಷಯದಲ್ಲಿ ಏನಾದ್ರೂ ತೀರ್ಮಾನ ತಗೊಂಡ್ರೆ, ಅದರ ಹಿಂದೆ ಒಬ್ಬ ಗಂಡಸು ಇರಲೇಬೇಕು ಅಂತ ಎಲ್ಲರಿಗೂ ಖಾತ್ರಿ. ನನ್ನ ದೊಡ್ಡಪ್ಪನಿಗೂ ಅದೇ ಅನುಮಾನ ಇತ್ತು. ಒಂದು ವರ್ಷ ಕಾದು ನೋಡಿದರು. ಯಾರೂ ಬರಲಿಲ್ಲ. ಈಗ ಅವರಿಗೆ ಅದೇ ಚಿಂತೆ!

‘ಎಷ್ಟು ದುಡ್ಡು ಕೊಟ್ಟರು?’

ಲೆಕ್ಕದವಳು ನಾನು, ಜಮಾ ಖರ್ಚು ಎರಡೂ ಹೇಳ್ತೀನಿ. ಜಮಾ ಸೊನ್ನೆ. ಖರ್ಚು: ಹೆಚ್ಚು ಕಡಿಮೆ ಒಂದು ವರ್ಷ ವಾರಕ್ಕೊಂದು ಸಂಜೆ ಧರ್ಮೋಪದೇಶದ ಪಾಠ, ಒಂದಿಷ್ಟು ಪುಸ್ತಕ, ಒಂದಿಷ್ಟು ಆಟೋ ಬಾಡಿಗೆ. ಪಾಠಕ್ಕೆ ಫೀಸ್ ಇರಲಿಲ್ಲ. ನಿಜವಾದ ಖರ್ಚು ಇದರಲ್ಲಿ ಯಾವುದೂ ಅಲ್ಲ, ಅದನ್ನ ಕೊನೆಗೆ ಹೇಳ್ತೀನಿ.

ಇನ್ನೊಂದು ವಿಷಯ. ನಾನು ಪಾಠಕ್ಕೆ ಸೇರಿದ ಮೊದಲ ದಿನ ಫಾದರ್ ಕೇಳಿದ್ದು, ‘ಮನೆಯವರಿಗೆ ಗೊತ್ತಾ? ಅವಸರ ಇಲ್ಲಮ್ಮ, ಯೋಚನೆ ಮಾಡಿ ಬಾ’ ಅಂತ. ಮೂರು ಸಲ ಅದೇ ಕೇಳಿದರು. ಹೊಸ ಗಿರಾಕಿ ಬಂದಾಗ ನಾನೂ ಇಷ್ಟು ಹಿಂಜರಿಯೋದಿಲ್ಲ.

‘ನೀವು ಮೊದಲೇ ಕ್ರಿಶ್ಚಿಯನ್ ಅಲ್ವಾ? ಇದು ಮತಾಂತರ ಹೇಗೆ?’

ಒಳ್ಳೆ ಪ್ರಶ್ನೆ. ಹೌದು, ನಮ್ಮದು ಗದಗ-ಬೆಟಗೇರಿ ಕಡೆಯ ಸಿಎಸ್‌ಐ ಕುಟುಂಬ. ಬಾಸೆಲ್ ಮಿಷನ್ ಪರಂಪರೆಯವರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳು 1837ರಲ್ಲಿ ಧಾರವಾಡ, 1841ರಲ್ಲಿ ಬೆಟಗೇರಿಗೆ ಬಂದ್ರು. ಮೊದಲ ಕನ್ನಡ ಪತ್ರಿಕೆ ಅಂತ ಹೇಳೋ 1843ರ ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್, ಇವರೆಲ್ಲ ಅದೇ ಮಿಷನ್‌ನವರು. ನಾನು ಕನ್ನಡ ಓದೋಕೆ ಕಲಿತಿದ್ದು ಶಾಲೆಗಿಂತ ಮೊದಲು ಸಂಡೇ ಸ್ಕೂಲಲ್ಲಿ.

ಆದ್ದರಿಂದ ಸರಿಯಾಗಿ ಹೇಳೋದಾದ್ರೆ ನನ್ನದು ಮತಾಂತರ ಅಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ನೀರಿನಿಂದ ಕೊಟ್ಟ ದೀಕ್ಷಾಸ್ನಾನವನ್ನ ಕ್ಯಾಥೋಲಿಕರು ಒಪ್ಪುತ್ತಾರೆ, ಎರಡನೇ ಸಲ ಕೊಡೋದಿಲ್ಲ. ನಾನು ಊರಿಗೆ ಹೋಗಿ ನಮ್ಮ ಪಾಸ್ಟರ್ ಹತ್ತಿರ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳಿದೆ. ಯಾಕೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬರೆದುಕೊಟ್ಟು, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದರು. ಅವರ ಬಗ್ಗೆ ನನಗೆ ಇದ್ದ ಗೌರವ ಅವತ್ತು ಇನ್ನೂ ಹೆಚ್ಚಾಯ್ತು.

ಆಮೇಲೆ ಒಂದು ಭಾನುವಾರ ಪೂಜೆಯಲ್ಲಿ ಎಲ್ಲರ ಜೊತೆ ವಿಶ್ವಾಸ ಪ್ರಮಾಣ ಹೇಳಿ, ಧರ್ಮಸಭೆ ಕಲಿಸೋದನ್ನ ನಂಬ್ತೀನಿ ಅಂತ ಒಂದು ವಾಕ್ಯ ಹೇಳಿದೆ. ದೃಢೀಕರಣ ಆಯ್ತು, ಪರಮಪ್ರಸಾದ ಸಿಕ್ತು. ಕಾಗದದ ಲೆಕ್ಕದಲ್ಲಿ ಏನೂ ಬದಲಾಗಿಲ್ಲ. ಆಧಾರ್ ಕಾರ್ಡಲ್ಲಿ ಧರ್ಮದ ಕಾಲಂ ಇಲ್ಲವೇ ಇಲ್ಲ. ಕಾಲಂ ಇರೋ ಕಡೆ ಮೊದಲೂ ‘ಕ್ರೈಸ್ತ’, ಈಗಲೂ ‘ಕ್ರೈಸ್ತ’.

ಬದಲಾಗಿದ್ದು ಭಾಷೆ. ಇದು ತಮಾಷೆ ಅಲ್ಲ. ನಮ್ಮ ಸತ್ಯವೇದದಲ್ಲಿ ‘ಯೆಹೋವ’, ಇಲ್ಲಿ ‘ಸರ್ವೇಶ್ವರ’. ನಮ್ಮದು ‘ಸುವಾರ್ತೆ’, ಇಲ್ಲಿ ‘ಶುಭಸಂದೇಶ’. ನಮ್ಮ ‘ಯೋಹಾನ’ ಇಲ್ಲಿ ‘ಯೊವಾನ್ನ’. ನಮ್ಮದು ಆರಾಧನೆ, ಇವರದು ಬಲಿಪೂಜೆ. ಪೋಪ್‌ಗೆ ‘ಜಗದ್ಗುರು’ ಅಂತಾರೆ, ಗದಗಿನವಳಿಗೆ ಜಗದ್ಗುರು ಅಂದ್ರೆ ಮಠ ನೆನಪಾಗುತ್ತೆ. ಮೊದಲ ಆರು ತಿಂಗಳು ನಾನು ಒಬ್ಬಳೇ ತಪ್ಪು ಜಾಗದಲ್ಲಿ ‘ಆಮೆನ್’ ಹೇಳ್ತಿದ್ದೆ.

‘ಸರಿ, ಹಾಗಾದ್ರೆ ಯಾಕೆ?’

ಎರಡು ಕಾರಣ ಕೊಡ್ತೀನಿ.

ಒಂದು, ಪರಮಪ್ರಸಾದ. ಯೊವಾನ್ನನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಯೇಸು ತನ್ನ ದೇಹವೇ ಊಟ ಅಂತಾನೆ. ಕೇಳಿದವರಲ್ಲಿ ಎಷ್ಟೋ ಜನ ‘ಇದು ಕಠಿಣ ಮಾತು’ ಅಂತ ಬಿಟ್ಟು ಹೋಗ್ತಾರೆ. ಹೋಗೋರನ್ನ ಕರೆದು ‘ಅಯ್ಯೋ, ನಾನು ಉಪಮೆಯಾಗಿ ಹೇಳಿದ್ದು’ ಅಂತ ಅವನು ಹೇಳೋದಿಲ್ಲ. ಇದನ್ನ ಚಿಕ್ಕಂದಿನಿಂದ ಓದಿದ್ದೆ. ಇಪ್ಪತ್ತೈದರ ಮೇಲೆ ಇದು ನನ್ನನ್ನ ಬಿಡಲಿಲ್ಲ. ನಮ್ಮ ಕಡೆಯವರು ಇದನ್ನ ಬೇರೆ ರೀತಿ ಓದ್ತಾರೆ, ಅವರಿಗೂ ಬುದ್ಧಿ ಇದೆ, ಭಕ್ತಿ ಇದೆ. ಪ್ರಾಟೆಸ್ಟಂಟರ ಒಳಗೇ ಇದು ಹಳೇ ಜಗಳ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಕೂತು ಮಾತಾಡಿ, ಬಹುತೇಕ ಎಲ್ಲದಕ್ಕೂ ಒಪ್ಪಿ, ಈ ಒಂದು ವಿಷಯಕ್ಕೆ ಒಪ್ಪದೆ ಎದ್ದು ಹೋದ್ರು. ನಾನು ಎರಡೂ ಕಡೆ ಓದಿ ಕೊನೆಗೆ ಈ ಕಡೆ ಬಂದೆ.

ಎರಡು, ತೀರಿಹೋದವರು. ನಮ್ಮ ಅಜ್ಜ ಹೋದಾಗ ಮಣ್ಣು ಮಾಡಿ ಬಂದ್ವಿ, ಕೃತಜ್ಞತೆ ಸಲ್ಲಿಸಿದ್ವಿ. ಅವರಿಗಾಗಿ ಪ್ರಾರ್ಥನೆ ಮಾಡಬಹುದಾ ಅಂತ ಕೇಳಿದೆ. ಬೇಡ, ಅವರು ದೇವರ ಕೈಯಲ್ಲಿ ಇದ್ದಾರೆ ಅಂದ್ರು. ಆ ಉತ್ತರ ಸರಿ ಇರಬಹುದು, ನನ್ನ ಬಾಯಿ ಮಾತ್ರ ಸುಮ್ಮನಾಗಲಿಲ್ಲ. ಕ್ಯಾಥೋಲಿಕ್ ಬೈಬಲ್ಲಲ್ಲಿ ನಮ್ಮ 66 ಪುಸ್ತಕದ ಬದಲು 73 ಇವೆ. ಆ ಹೆಚ್ಚಿನದರಲ್ಲಿ ಮಕ್ಕಬಿಯರ ಎರಡನೇ ಗ್ರಂಥದಲ್ಲಿ, ಯುದ್ಧದಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಮಾಡೋ ಪ್ರಸಂಗ ಬರುತ್ತೆ. ಪ್ರತಿ ವರ್ಷ ನವೆಂಬರ್ 2ಕ್ಕೆ ಬೆಂಗಳೂರಿನ ಕ್ಯಾಥೋಲಿಕ್ ಸ್ಮಶಾನಗಳಿಗೆ ಹೋಗಿ ನೋಡಿ. ಸಮಾಧಿ ತೊಳೆದು, ಹೂ ಇಟ್ಟು, ಮೇಣದಬತ್ತಿ ಹಚ್ಚಿ ಜನ ಮಾತಾಡ್ತಾ ಕೂತಿರ್ತಾರೆ. ಮೊದಲ ಸಲ ನೋಡಿದಾಗ ಅನ್ನಿಸಿದ್ದು, ಇಲ್ಲಿ ಅಜ್ಜನ ಹೆಸರು ಹೇಳಬಹುದು ಅಂತ.

ಇದರ ಜೊತೆ ಒಂದು ಸಣ್ಣ ವಿಷಯ ಇದೆ, ಇದನ್ನ ಕಾರಣ ಅಂತ ಕರೆಯೋಕೆ ಆಗಲ್ಲ. ಬೆಳಿಗ್ಗೆ ಆರೂವರೆಗೆ, ವಾರದ ದಿನ, ಆಫೀಸಿಗೆ ಹೋಗೋ ಮೊದಲು ಪೂಜೆ ಇರುತ್ತೆ. ಹಾಲು ತರೋಕೆ ಬಂದವರು, ನೈಟ್ ಶಿಫ್ಟ್ ಮುಗಿಸಿದ ನರ್ಸ್‌ಗಳು, ಒಬ್ಬರು ಬಿಎಂಟಿಸಿ ಡ್ರೈವರ್. ಅರ್ಧ ಗಂಟೆ ಕೂತು ಎದ್ದು ಹೋಗ್ತಾರೆ. ಅವರ ಹಿಂದಿನ ಬೆಂಚಲ್ಲಿ ಕೂತು ಕೂತೇ ನಾನು ಒಳಗೆ ಬಂದಿದ್ದು.

‘ಮರಿಯಮ್ಮನ ಪೂಜೆ ಮಾಡ್ತೀರಲ್ಲ, ಅದು ವಿಗ್ರಹಾರಾಧನೆ ಅಲ್ವಾ?’

ಇದನ್ನ ಕೇಳಿದವರಲ್ಲಿ ನಮ್ಮ ಸಂಬಂಧಿಕರೇ ಜಾಸ್ತಿ. ಕ್ರಿ.ಶ. 787ರ ಎರಡನೇ ನಿಸೇಯ ಮಹಾಸಭೆಯಲ್ಲೇ ಇದರ ಚರ್ಚೆ ಆಗಿದೆ. ಆರಾಧನೆ ದೇವರಿಗೆ ಮಾತ್ರ. ಚಿತ್ರ, ಪ್ರತಿಮೆಗಳಿಗೆ ಕೊಡೋದು ಗೌರವ, ಆ ಗೌರವ ಅದರಲ್ಲಿ ಕಾಣೋ ವ್ಯಕ್ತಿಗೆ ಹೋಗುತ್ತೆ. ನಮ್ಮನೆ ಗೋಡೆ ಮೇಲೆ ಅಜ್ಜನ ಫೋಟೋ ಇದೆ, ದೊಡ್ಡಮ್ಮ ಅದರ ಧೂಳು ಒರೆಸುವಾಗ ಸೆರಗಿಂದ ಒರೆಸ್ತಾರೆ, ನೆಲ ಒರೆಸೋ ಬಟ್ಟೆಯಿಂದಲ್ಲ. ಆ ಕಾಗದ ದೇವರು ಅಂತ ಅವರು ನಂಬಿದ್ದಾರಾ? ಇಲ್ಲ.

ಸಿದ್ಧಾಂತ ಒಂದು, ಜನರ ನಡವಳಿಕೆ ಒಂದು, ಅದೂ ನಿಜ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಗೆ ಹೋದ್ರೆ ಕಾವಿ ಸೀರೆ ಉಟ್ಟ ಸಾವಿರಾರು ಹೆಂಗಸರು, ತೇರು, ಹರಕೆ. ಅದರಲ್ಲಿ ಹಿಂದೂಗಳೂ ಇರ್ತಾರೆ, ಮುಸ್ಲಿಮರೂ ಇರ್ತಾರೆ. ಅಲ್ಲಿ ನಿಂತವರ ಮನಸ್ಸಲ್ಲಿ ಆರಾಧನೆ ಎಷ್ಟು, ಗೌರವ ಎಷ್ಟು ಅಂತ ಅಳೆಯೋ ತಕ್ಕಡಿ ನನ್ನ ಹತ್ತಿರ ಇಲ್ಲ. ಮಗುಗೆ ಹುಷಾರಿಲ್ಲ ಅಂತ ತಾಯಿ ಹತ್ತಿರ ಬಂದವಳನ್ನ ತಡೆದು ಪಾಠ ಹೇಳೋ ಧೈರ್ಯವೂ ಇಲ್ಲ.

‘ಪೋಪ್ ಹೇಳಿದ್ದೆಲ್ಲ ಒಪ್ಪಬೇಕಾ? ಪಾಪ ಮನುಷ್ಯನ ಮುಂದೆ ಯಾಕೆ ಹೇಳಬೇಕು?’

ಪೋಪ್ ಬೆಳಿಗ್ಗೆ ಎದ್ದು ಏನು ಹೇಳಿದ್ರೂ ಅದು ತಪ್ಪಾಗೋಕೆ ಸಾಧ್ಯವಿಲ್ಲ ಅಂತ ಯಾರೂ ಕಲಿಸೋದಿಲ್ಲ. 1870ರ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ್ದು, ವಿಶ್ವಾಸ ಮತ್ತು ನೀತಿಯ ವಿಷಯದಲ್ಲಿ, ಇಡೀ ಧರ್ಮಸಭೆಗೆ ಅಂತಲೇ, ಅಂತಿಮವಾಗಿ ಘೋಷಿಸಿದಾಗ ಮಾತ್ರ ಅಂತ. ಆಮೇಲೆ ಆ ಅಧಿಕಾರವನ್ನ ಹಾಗೆ ಬಳಸಿದ್ದು 1950ರಲ್ಲಿ, ಮರಿಯಮ್ಮನ ಸ್ವರ್ಗಸ್ವೀಕಾರದ ವಿಷಯದಲ್ಲಿ. ಆರ್ಥಿಕತೆ ಬಗ್ಗೆ, ರಾಜಕೀಯದ ಬಗ್ಗೆ ಪೋಪ್ ಹೇಳಿದ್ದನ್ನ ಕ್ಯಾಥೋಲಿಕರು ಕಾಫಿ ಕುಡೀತಾ ಟೀಕೆ ಮಾಡೋದನ್ನ ನಾನು ದಿನಾ ಕೇಳ್ತೀನಿ.

ಪಾಪನಿವೇದನೆ ಬಗ್ಗೆ ನನಗೆ ನಿಜವಾಗಲೂ ಭಯ ಇತ್ತು. ಆದ್ರೆ ನನ್ನ ವೃತ್ತಿಯಲ್ಲಿ ಒಂದು ಮಾತು ಗೊತ್ತು: ತನ್ನ ಲೆಕ್ಕ ತಾನೇ ಬರೆದು ತಾನೇ ಆಡಿಟ್ ಮಾಡ್ಕೊಂಡ್ರೆ ಎಲ್ಲ ಲೆಕ್ಕವೂ ಸರಿ ಬರುತ್ತೆ. ಜೋರಾಗಿ, ಇನ್ನೊಬ್ಬರ ಕಿವಿಗೆ ಬೀಳೋ ಹಾಗೆ ಹೇಳಿದಾಗ ನೆಪಗಳು ಉದುರಿಹೋಗ್ತವೆ. ಕೇಳಿದ್ದನ್ನ ಗುರುಗಳು ಯಾರಿಗೂ ಹೇಳೋ ಹಾಗಿಲ್ಲ, ಹೇಳಿದ್ರೆ ಧರ್ಮಸಭೆಯಿಂದ ತಾನಾಗಿಯೇ ಬಹಿಷ್ಕಾರ.

‘ಅಷ್ಟು ಹಗರಣ ಓದಿಯೂ ಹೋದ್ರಾ? ಅಲ್ಲಿ ಜಾತಿ ಇಲ್ವಾ?’

ಓದಿಯೇ ಹೋದೆ. 2018ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಜ್ಯೂರಿ ವರದಿ 300ಕ್ಕೂ ಹೆಚ್ಚು ಪಾದ್ರಿಗಳ ಮೇಲೆ, 1,000ಕ್ಕೂ ಹೆಚ್ಚು ಮಕ್ಕಳ ವಿಷಯದಲ್ಲಿ ಆರೋಪಗಳನ್ನ ದಾಖಲಿಸಿತು. ಮುಚ್ಚಿಟ್ಟವರು ಬಿಷಪ್‌ಗಳು. ಇದಕ್ಕೆ ‘ಎಲ್ಲ ಕಡೆ ಇದೆ ಬಿಡಿ’ ಅನ್ನೋ ಉತ್ತರ ನಾನು ಕೊಡೋದಿಲ್ಲ. ಕೇಳೋ ಹಕ್ಕು ನಿಮಗಿದೆ, ಒಳಗಿರೋ ನಮಗೆ ಇನ್ನೂ ಜಾಸ್ತಿ ಇದೆ.

ಜಾತಿ? ಇದೆ. 2016ರಲ್ಲಿ ಭಾರತದ ಕ್ಯಾಥೋಲಿಕ್ ಬಿಷಪ್‌ಗಳ ಮಂಡಳಿಯೇ ದಲಿತ ಸಬಲೀಕರಣ ನೀತಿ ಅಂತ ಹೊರಡಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆ, ತಾರತಮ್ಯ ಇದೆ ಅಂತ ಒಪ್ಕೊಂಡಿದೆ. ಭಾಷೆಯ ಜಗಳವೂ ಇದೆ, ಬೆಂಗಳೂರಿನ ಕನ್ನಡ ಕ್ಯಾಥೋಲಿಕರು ತಮ್ಮ ಊರಲ್ಲಿ ತಮ್ಮ ಭಾಷೆಯ ಪೂಜೆಗೆ ದಶಕಗಳ ಕಾಲ ಹೋರಾಡಿದ್ದಾರೆ. ಸ್ವರ್ಗಕ್ಕೆ ಸೇರಿದ್ದೀನಿ ಅಂದ್ಕೊಂಡು ಯಾರಾದ್ರೂ ಬಂದ್ರೆ ಮೊದಲ ಧರ್ಮಕೇಂದ್ರ ಸಭೆಯಲ್ಲೇ ಭ್ರಮೆ ಹರಿಯುತ್ತೆ.

‘ನಾನು ಹಿಂದೂ. ಮನೆಯಲ್ಲಿ ಹೇಳಿಲ್ಲ. ಏನು ಮಾಡಲಿ?’

ಹೆಸರು ಹೇಳದೆ ಬರೆದಿದ್ದೀರಿ. ನಿಮ್ಮ ಮೆಸೇಜ್ ಓದಿ ಎರಡು ದಿನ ಯೋಚನೆ ಮಾಡಿದೆ.

ಒಂದನೆಯದು, ನನ್ನ ದಾರಿ ನಿಮ್ಮ ದಾರಿ ಒಂದೇ ಅಲ್ಲ. ನನಗೆ ಹೋಗಿದ್ದು ಬೆಂಚು, ನಿಮಗೆ ಹೋಗಬಹುದಾಗಿದ್ದು ಮನೆ. ದೀಕ್ಷಾಸ್ನಾನ ಇಲ್ಲದ ದೊಡ್ಡವರಿಗೆ ಧರ್ಮಸಭೆಯ ನಿಯಮದಲ್ಲೇ ಸಿದ್ಧತೆಯ ಕಾಲ ಇದೆ. ಸಾಮಾನ್ಯವಾಗಿ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷ, ಆಮೇಲೆ ಈಸ್ಟರ್ ಹಿಂದಿನ ರಾತ್ರಿ ಪಾಸ್ಖ ಜಾಗರಣೆಯಲ್ಲಿ ದೀಕ್ಷಾಸ್ನಾನ. ಸ್ವಂತ ಇಚ್ಛೆ ಇಲ್ಲದೆ ಕೊಟ್ಟದ್ದು ದೀಕ್ಷಾಸ್ನಾನವೇ ಅಲ್ಲ. ಯಾರಾದ್ರೂ ‘ಮುಂದಿನ ವಾರವೇ ಬಾ’ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು, ಕಾನೂನು. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ, ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು ಅಂತ ಹೇಳಿತು. ಅದನ್ನ ರದ್ದು ಮಾಡೋಕೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂಪುಟ ತೀರ್ಮಾನಿಸೋದೇ ಬೇರೆ, ವಿಧಾನಮಂಡಲದಲ್ಲಿ ಕಾಯ್ದೆ ರದ್ದಾಗೋದೇ ಬೇರೆ. ಹಾಗಾಗಿ ನೀವು ಹೆಜ್ಜೆ ಇಡೋ ದಿನಕ್ಕೆ ಸ್ಥಿತಿ ಏನಿದೆ ಅಂತ ಒಬ್ಬ ವಕೀಲರನ್ನ ಕೇಳಿ. ವಾಟ್ಸಾಪ್ ನಂಬಬೇಡಿ, ನನ್ನನ್ನೂ ನಂಬಬೇಡಿ.

ಮೂರನೆಯದು, ನೀವು ಪರಿಶಿಷ್ಟ ಜಾತಿಗೆ ಸೇರಿದವರಾದ್ರೆ ಇದು ಗೊತ್ತಿರಲಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ. ಕ್ರೈಸ್ತರಾದ್ರೆ ಹೋಗುತ್ತೆ. ಇದು ನ್ಯಾಯ ಅಂತ ನಾನು ಹೇಳ್ತಿಲ್ಲ. ಜಾತಿ ಬಿಡದಿದ್ರೂ ಮೀಸಲಾತಿ ಬಿಡುತ್ತೆ. ತಿಳಿದು ತೀರ್ಮಾನ ತಗೊಳ್ಳಿ.

ಕೊನೆಯದು, ಮನೆಯವರಿಗೆ ಬೇರೆಯವರ ಬಾಯಿಂದ ಗೊತ್ತಾಗೋ ಹಾಗೆ ಮಾಡಬೇಡಿ. ಹೇಳಿದ್ರೆ ಹೊಡೀತಾರೆ, ಕೂಡಿಹಾಕ್ತಾರೆ ಅನ್ನೋ ಭಯ ಇದ್ರೆ ಮಾತು ಬೇರೆ, ಆಗ ನಿಮ್ಮ ಸುರಕ್ಷತೆ ಮೊದಲು. ಬರೀ ಅಳ್ತಾರೆ ಅನ್ನೋ ಭಯವಾದ್ರೆ ಕೂತು ಹೇಳಿ. ಅಳಲಿ.

‘ಅಮ್ಮ ಏನಂದ್ರು?’

ಒಬ್ಬರೇ ಒಬ್ಬರು ಇದನ್ನ ಕೇಳಿದ್ದು. ನಿಜವಾದ ಖರ್ಚು ಅಂದೆನಲ್ಲ, ಇದೇ ಅದು.

ಅಮ್ಮ ಮೊದಲು ಕೇಳಿದ್ದು, ‘ನಮ್ಮ ಚರ್ಚಿನ್ಯಾಗ ಏನ್ ಕಡಿಮಿ ಆಗಿತ್ತವಾ ನಿನಗ?’ ಏನೂ ಕಡಿಮೆ ಆಗಿರಲಿಲ್ಲ ಅಂದೆ. ಅದು ನಿಜ. ಬೈಬಲ್ ಓದೋಕೆ ಕಲಿಸಿದ್ದು, ಕಷ್ಟ ಬಂದಾಗ ಬಾಯಿ ಬಿಟ್ಟು ಪ್ರಾರ್ಥನೆ ಮಾಡೋಕೆ ಕಲಿಸಿದ್ದು ಆ ಚರ್ಚ್. ಅದಿಲ್ಲದೆ ನಾನು ಇಲ್ಲಿಗೆ ಬರ್ತಾನೇ ಇರಲಿಲ್ಲ. ಆದ್ರೆ ಏನೂ ಕಡಿಮೆ ಇರಲಿಲ್ಲ ಅಂದ್ರೆ ಮತ್ತೆ ಯಾಕೆ ಹೋದೆ ಅನ್ನೋದು ಅಮ್ಮನಿಗೆ ಇನ್ನೂ ಕಷ್ಟದ ಪ್ರಶ್ನೆ ಆಯ್ತು.

ಕ್ರಿಸ್ಮಸ್‌ಗೆ ಊರಿಗೆ ಹೋಗ್ತೀನಿ. ಅಮ್ಮನ ಜೊತೆ ಚರ್ಚಿಗೆ ಹೋಗ್ತೀನಿ, ಅದಕ್ಕೆ ಏನೂ ಅಡ್ಡಿ ಇಲ್ಲ. ಹಾಡು ಎಲ್ಲ ಬಾಯಿಪಾಠ. ಆದ್ರೆ ಪ್ರಭು ಭೋಜನದ ಹೊತ್ತಿಗೆ ಅಮ್ಮ ಎದ್ದು ಮುಂದೆ ಹೋಗ್ತಾಳೆ, ನಾನು ಕೂತಿರ್ತೀನಿ. ಅಮ್ಮ ಬೆಂಗಳೂರಿಗೆ ಬಂದಾಗ ನಾನು ಎದ್ದು ಹೋಗ್ತೀನಿ, ಅಮ್ಮ ಕೂತಿರ್ತಾಳೆ. ಕ್ಯಾಥೋಲಿಕ್ ನಿಯಮ ಹಾಗಿದೆ. ಒಂದೇ ಪ್ರಸಾದ ತಗೊಳ್ಳೋದು ಅಂದ್ರೆ ನಾವು ವಿಶ್ವಾಸದಲ್ಲಿ ಒಂದು ಅಂತ ಹೇಳಿದ ಹಾಗೆ, ಒಂದಾಗದೆ ಹಾಗೆ ಹೇಳಬಾರದು ಅಂತ ಅದರ ಕಾರಣ. ನನಗೆ ಆ ಕಾರಣ ಅರ್ಥ ಆಗುತ್ತೆ, ಒಪ್ಪಿಗೆಯೂ ಇದೆ. ಅಮ್ಮನಿಗೆ ವಿವರಿಸಿದಾಗ ಅಮ್ಮ ಹೇಳಿದ್ದು, ‘ನಿನಗ ಮೊದಲ ತುತ್ತು ತಿನಿಸಿದಾಕಿ ನಾನು. ಈಗ ಇಬ್ಬರೂ ಕೂಡಿ ಒಂದ ತುಂಡು ರೊಟ್ಟಿ ತಿನ್ನಾಕ ಬರೂದಿಲ್ಲ ಅಂತಿ.’

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 1999ರಲ್ಲಿ ಲೂಥರನ್ ಒಕ್ಕೂಟ ಮತ್ತು ಕ್ಯಾಥೋಲಿಕ್ ಧರ್ಮಸಭೆ ನೀತೀಕರಣದ ಬಗ್ಗೆ ಜಂಟಿ ಹೇಳಿಕೆಗೆ ಸಹಿ ಹಾಕಿದ್ವು, 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದಕ್ಕೆ ಸೇರಿಕೊಂಡಿತು ಅಂತ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ್ಲು, ‘ಹಂಗಾದ್ರ ಊಟಕ್ಕ ಎಂದ ಕರೀತಾರಂತ?’ ಇಬ್ಬರೂ ನಕ್ಕೆವು. ಆಮೇಲೆ ಅವಳು ಎದ್ದು ಒಳಗೆ ಹೋದ್ಲು.

ಇನ್ನೊಂದು ದಿನ ಫೋನಲ್ಲಿ ಕೇಳಿದ್ಲು, ‘ನಾ ಸತ್ತರ ಮಣ್ಣಿಗೆ ಬರ್ತಿಯೋ, ಅದಕ್ಕೂ ನಿಮ್ಮ ಫಾದರ್‌ನ ಕೇಳಬೇಕೋ?’ ಯಾರನ್ನೂ ಕೇಳಬೇಕಾಗಿಲ್ಲ, ಬರ್ತೀನಿ, ಆಮೇಲೆ ನಿನಗಾಗಿ ಪ್ರಾರ್ಥನೆನೂ ಮಾಡ್ತೀನಿ ಅಂದೆ. ‘ಸತ್ತ ಮ್ಯಾಲೆ ಬ್ಯಾಡ, ಈಗ ಮಾಡು, ಮೊಣಕಾಲು ಭಾಳ ನೋಯ್ತದ’ ಅಂದ್ಲು. ಅವತ್ತಿಂದ ದಿನಾ ರಾತ್ರಿ ಒಂಬತ್ತಕ್ಕೆ ಫೋನಲ್ಲಿ ಒಂದು ಕೀರ್ತನೆ ಓದ್ತೀವಿ. ಒಂದು ವಚನ ಅವಳು ತನ್ನ ಹಳೇ ಸತ್ಯವೇದದಿಂದ, ಒಂದು ವಚನ ನಾನು ನನ್ನ ಬೈಬಲ್‌ನಿಂದ. ಅವಳು ಯೆಹೋವ ಅಂತಾಳೆ, ನಾನು ಸರ್ವೇಶ್ವರ ಅಂತೀನಿ. ಮೊನ್ನೆ ನಾನು ಓದೋದನ್ನ ತಡೆದು ‘ಈ ಕನ್ನಡ ತಿಳಿಯಾಕ ಸುಲಭ ಐತಿ’ ಅಂದ್ಲು. ಅಷ್ಟು ಒಪ್ಪಿದ್ದೇ ದೊಡ್ಡದು.

ಹಾಗಾಗಿ ಯಾರಾದ್ರೂ ‘ಮತ ಬದಲಿಸಿ ಖುಷಿಯಾಗಿದೀರಾ’ ಅಂತ ಕೇಳಿದ್ರೆ ಹೌದು ಅಂತೀನಿ, ಆ ಬೆಂಚಲ್ಲಿ ಕೂತಿರೋ ಐದು ನಿಮಿಷವನ್ನೂ ಸೇರಿಸಿಕೊಂಡೇ ಹೇಳ್ತೀನಿ. ಖರ್ಚೇ ಇಲ್ಲ ಅಂತ ತೋರಿಸೋ ಲೆಕ್ಕವನ್ನ ನಾನು ಆಫೀಸಲ್ಲೂ ನಂಬೋದಿಲ್ಲ.

ಇಷ್ಟು ಇವತ್ತಿಗೆ. ಉಳಿದ ಪ್ರಶ್ನೆಗಳಿದ್ರೆ ಕಳಿಸಿ, ಬೈಗುಳ ಇದ್ರೂ ಕಳಿಸಿ, ಕನ್ನಡದಲ್ಲಿ ಬೈದ್ರೆ ಓದೋಕೆ ಚೆನ್ನಾಗಿರುತ್ತೆ. ಮುಂದಿನ ಕಂತು ಹೋದ ಸಲ ಅರ್ಧಕ್ಕೆ ನಿಲ್ಲಿಸಿದ ವಿಷಯ: ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ವಾಪಸ್ ತಗೊಳ್ಳೋದು ಹೇಗೆ. ಸಿಗೋಣ, ನಮಸ್ಕಾರ.